ಕೈದಿಯ ಕಾಯಿಲೆಗೂ ಒಂದು ಕಾಗದ ಬೇಕು

ಕಳೆದ ಮಳೆಗಾಲದಲ್ಲಿ ಒಬ್ಬ ಹೆಂಗಸು ನನ್ನ ವಕೀಲಿ ಆಫೀಸಿಗೆ ಬಂದು ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟರು. ಒಳಗೆ ಅರ್ಧ ಖಾಲಿಯಾದ ಮಾತ್ರೆಯ ಶೀಟುಗಳು, ಮಡಚಿ ಮಡಚಿ ನಡುವೆ ಹರಿದುಹೋದ ಡಿಸ್ಚಾರ್ಜ್ ಸಮ್ಮರಿ, ಒಂದು ಸ್ಕ್ಯಾನಿಂಗ್ ಫಿಲಂ. ಅಣ್ಣ ಜೈಲಿನಲ್ಲಿದ್ದಾನೆ, ಎರಡೂ ಕಿಡ್ನಿ ಹೋಗಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. "ಗೇಟಲ್ಲಿ ಮಾತ್ರೆ ಒಳಗೆ ಬಿಡಲ್ಲ ಅಂತಾರೆ ಮೇಡಂ. ಪೆರೋಲಿಗೆ ಓಡಾಡಿ ಓಡಾಡಿ ಎರಡು ತಿಂಗಳಾಯ್ತು. ಸ್ಟೇಷನ್ನಿಂದ ರಿಪೋರ್ಟೇ ಹೋಗಿಲ್ವಂತೆ."

ನಾನು ಮೊದಲು ಕೇಳಿದ್ದು ಕಾಯಿಲೆ ಬಗ್ಗೆ ಅಲ್ಲ. "ನಿಮ್ಮಣ್ಣನಿಗೆ ಸಜಾ ಆಗಿದೆಯಾ, ಇಲ್ಲ ಕೇಸು ಇನ್ನೂ ನಡೀತಿದೆಯಾ?" ಅಂತ ಕೇಳಿದೆ.

ಆಕೆಗೆ ಸಿಟ್ಟು ಬಂತು. ಬರಬೇಕಾದ್ದೇ. ಆದರೆ ಜೈಲಿನ ಕಾನೂನಿನಲ್ಲಿ ಎಲ್ಲ ದಾರಿಗಳೂ ಈ ಒಂದು ಪ್ರಶ್ನೆಯಲ್ಲೇ ಕವಲೊಡೆಯುತ್ತವೆ. ಜೈಲಿನವರ ಬಾಯಲ್ಲಿ ಯುಟಿಪಿ ಅಂದರೆ ವಿಚಾರಣಾಧೀನ ಕೈದಿ, ಸಿಟಿಪಿ ಅಂದರೆ ಸಜಾ ಕೈದಿ. ಮಲಗುವ ಬ್ಯಾರಕ್ಕು, ಮಾಡುವ ಕೆಲಸ, ಕಾಯಿಲೆ ಬಿದ್ದಾಗ ಹೊರಗೆ ಬರುವ ಬಾಗಿಲು, ಮೂರೂ ಈ ಅಕ್ಷರಗಳ ಮೇಲೆ ನಿಂತಿವೆ. ದೇಶದ ಜೈಲುಗಳಲ್ಲಿ ಇರುವವರಲ್ಲಿ ಜಾಸ್ತಿ ಜನ ಯುಟಿಪಿಗಳೇ. 2022ರ ಕೊನೆಯಲ್ಲಿ ಒಟ್ಟು 5,73,220 ಕೈದಿಗಳಿದ್ದರು, ಅವರಲ್ಲಿ ಶೇ. 75.8ರಷ್ಟು ಜನರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. 100 ಜನರ ಜಾಗದಲ್ಲಿ 131 ಜನ ಇದ್ದರು.

ಜೈಲು ರಾಜ್ಯಕ್ಕೆ ಸೇರಿದ ವಿಷಯ. ಬ್ರಿಟಿಷರ 1894ರ ಕಾಯ್ದೆಯ ಹೆಸರು ಎಲ್ಲರೂ ಕೇಳಿರುತ್ತೀರಿ, ನಮ್ಮಲ್ಲಿ ಇರುವುದು 1963ರ ಕರ್ನಾಟಕ ಕಾರಾಗೃಹಗಳ ಕಾಯ್ದೆ, 1974ರ ನಿಯಮಗಳು, ಅದರ ಮೇಲೆ 2021ರ ಕೈಪಿಡಿ. ಕೇಂದ್ರ 2016ರಲ್ಲಿ ಒಂದು ಮಾದರಿ ಕೈಪಿಡಿ, 2023ರಲ್ಲಿ ಒಂದು ಮಾದರಿ ಕಾಯ್ದೆ ಬರೆದು ರಾಜ್ಯಗಳಿಗೆ ಕಳಿಸಿದೆ. ಮಾದರಿ ಅಂದರೆ ಮಾದರಿ ಅಷ್ಟೇ, ರಾಜ್ಯ ಒಪ್ಪಿದರೆ ಉಂಟು. ಆ ಮಾದರಿ ಕೈಪಿಡಿಯ ಪ್ರಕಾರ ಬ್ಯಾರಕ್ಕಿನಲ್ಲಿ ಒಬ್ಬ ಕೈದಿಗೆ ಸಿಗಬೇಕಾದ ಜಾಗ 3.71 ಚದರ ಮೀಟರ್. ಅಂದಾಜು 40 ಚದರ ಅಡಿ. ಒಂದು ಚಾಪೆ ಹಾಸಿ, ಪಕ್ಕದಲ್ಲಿ ಬಟ್ಟೆ ಗಂಟು, ತಟ್ಟೆ ಲೋಟ ಇಟ್ಟುಕೊಂಡು, ಎದ್ದು ಪಕ್ಕದವನನ್ನು ತುಳಿಯದೆ ನಡೆಯುವಷ್ಟು ಜಾಗ. ಆರು ಜನರಿಗೆ ಒಂದು ಕಕ್ಕಸು ಅಂತಲೂ ಇದೆ. ನಾನು ಲೀಗಲ್ ಏಡ್ ಭೇಟಿಗೆ ಹೋಗುವ ಜೈಲೊಂದರಲ್ಲಿ ಬೆಳಿಗ್ಗೆ ಐದಕ್ಕೇ ಕಕ್ಕಸಿನ ಮುಂದೆ ಸಾಲು ನಿಲ್ಲುತ್ತದೆ. ಸಕ್ಕರೆ ಕಾಯಿಲೆ ಇರುವ ಮುದುಕರು ಆ ಸಾಲಿನಲ್ಲಿ ಪಡುವ ಪಾಡನ್ನು ಬರೆಯುವುದೇ ಬೇಡ.

"ಮಾಡಿದ್ದುಣ್ಣೋ ಮಹಾರಾಯ, ಜೈಲೇನು ಮಾವನ ಮನೆಯಾ?" ಅಂತ ಕೇಳುವವರು ನನ್ನ ಮನೆಯಲ್ಲೇ ಇದ್ದಾರೆ. ಅವರಿಗೆ ನಾನು ಹೇಳುವ ಉತ್ತರ ಚಿಕ್ಕದು. ಕೋರ್ಟು ಕಿತ್ತುಕೊಂಡಿದ್ದು ಹೊರಗೆ ಓಡಾಡುವ ಸ್ವಾತಂತ್ರ್ಯವನ್ನು. ಔಷಧಿ, ಊಟ, ನೀರು, ಮಾನ, ಇವನ್ನು ತೀರ್ಪಿನ ಯಾವ ಪುಟದಲ್ಲೂ ಕಿತ್ತುಕೊಂಡಿಲ್ಲ. ಇದು ನನ್ನ ಮಾತಲ್ಲ, 1978 ಮತ್ತು 1979ರ ಸುನಿಲ್ ಬಾತ್ರಾ ತೀರ್ಪುಗಳಿಂದ ಸುಪ್ರೀಂ ಕೋರ್ಟು ಹೇಳಿಕೊಂಡು ಬಂದಿರುವುದು. ಎರಡನೆಯದಂತೂ ತಿಹಾರ್ ಜೈಲಿನೊಳಗಿಂದ ಒಬ್ಬ ಕೈದಿ ಇನ್ನೊಬ್ಬ ಕೈದಿಗೆ ಆದ ಹಿಂಸೆಯ ಬಗ್ಗೆ ಜಡ್ಜಿಗೆ ಬರೆದ ಪತ್ರ. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು.

ಅಂಥದ್ದೇ ಇನ್ನೊಂದು ಪತ್ರ ನಮ್ಮ ಬೆಂಗಳೂರಿನದು. ಈಗ ಫ್ರೀಡಂ ಪಾರ್ಕ್ ಇದೆಯಲ್ಲ, ಆಗ ಅಲ್ಲಿ ಸೆಂಟ್ರಲ್ ಜೈಲಿತ್ತು. 1984ರ ಜುಲೈನಲ್ಲಿ ರಾಮಮೂರ್ತಿ ಎಂಬ ಕೈದಿ ಆ ಜೈಲಿನಿಂದ ದೇಶದ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಮುಖ್ಯ ದೂರು ಏನು ಗೊತ್ತಾ? ಮೈಮುರಿದು ದುಡಿದರೂ ಸರಿಯಾದ ಕೂಲಿ ಕೊಡುತ್ತಿಲ್ಲ ಅಂತ. ಜೊತೆಗೆ ಊಟ ತಿನ್ನುವ ಹಾಗಿಲ್ಲ, ಹಿಂಸೆ ಇದೆ ಅಂತ. ತೀರ್ಪು ಬಂದಿದ್ದು 1996ರ ಡಿಸೆಂಬರಿನಲ್ಲಿ. ಹನ್ನೆರಡು ವರ್ಷ! ಆದರೆ ಆ ತೀರ್ಪು ದೇಶದ ಎಲ್ಲ ಜೈಲುಗಳ ಒಂಬತ್ತು ರೋಗಗಳನ್ನು ಒಂದೊಂದಾಗಿ ಹೆಸರಿಸಿತು: ಕಿಕ್ಕಿರಿದ ಜನ, ವಿಚಾರಣೆ ತಡ, ಹಿಂಸೆ, ಆರೋಗ್ಯದ ಕಡೆಗಣನೆ, ಊಟ ಬಟ್ಟೆ ಹೀಗೆ. ಆರೋಗ್ಯದ ಬಗ್ಗೆ ಅದು ಹೇಳಿದ್ದನ್ನು ನಾನು ಈಗಲೂ ಅರ್ಜಿಗಳಲ್ಲಿ ಬಳಸುತ್ತೇನೆ. ಹೊರಗಿನವನಿಗೆ ಸಿಗುವ ವೈದ್ಯರು ಕೈದಿಗೆ ಸಿಗುವುದಿಲ್ಲ, ಅದರ ಮೇಲೆ ಜೈಲಿನ ವಾಸವೇ ಕಾಯಿಲೆ ತರುತ್ತದೆ, ಹೀಗೆ ಕೈದಿಗೆ ಪೆಟ್ಟು ಎರಡು ಅಂತ.

ಕೂಲಿ ವಿಷಯಕ್ಕೆ ಬರೋಣ, ಇದರಲ್ಲಿ ತಪ್ಪು ತಿಳುವಳಿಕೆ ಜಾಸ್ತಿ. ಕಠಿಣ ಸಜೆ ಆದವರು ಮಾತ್ರ ಕೆಲಸ ಮಾಡಲೇಬೇಕು. ಸಾದಾ ಸಜೆಯವರೂ ಯುಟಿಪಿಗಳೂ ಇಷ್ಟಪಟ್ಟರೆ ಮಾಡಬಹುದು, ಯಾರೂ ಬಲವಂತ ಮಾಡುವ ಹಾಗಿಲ್ಲ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತ 1894ರಲ್ಲೇ ಬರೆದಿದ್ದರು. ಕೂಲಿ ಕೊಡದೆ ದುಡಿಸಬಹುದಾ ಅನ್ನುವ ಪ್ರಶ್ನೆಗೆ ಉತ್ತರ ಬಂದಿದ್ದು 1998ರಲ್ಲಿ, ಗುಜರಾತಿನ ಪ್ರಕರಣದಲ್ಲಿ. ಕಠಿಣ ಸಜೆಯ ಕೈದಿಯನ್ನು ದುಡಿಸುವುದು ಜೀತ ಆಗುವುದಿಲ್ಲ, ಆದರೆ ನ್ಯಾಯವಾದ ಕೂಲಿ ಕೊಡಲೇಬೇಕು, ಅದನ್ನು ಗೊತ್ತುಮಾಡುವಾಗ ಊಟ ಬಟ್ಟೆಯ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಒಂದು ಪಾಲನ್ನು ನೊಂದವರಿಗೆ ಕೊಡುವ ಕಾನೂನು ಮಾಡಿ ಅಂತ ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕದಲ್ಲಿ ಈಗ ದಿನದ ಕೂಲಿ 500 ರೂಪಾಯಿ ದಾಟಿದೆ, ಕೆಲಸ ಕಲಿತವರಿಗೆ ಇನ್ನೂ ಜಾಸ್ತಿ. ಬೇರೆ ಎಷ್ಟೋ ರಾಜ್ಯಗಳಿಗೆ ಹೋಲಿಸಿದರೆ ಇದು ದೊಡ್ಡ ಮೊತ್ತ, ಇದನ್ನು ಹೇಳಲೇಬೇಕು.

ಕೆಲಸ ಹಂಚುವುದರಲ್ಲಿ ಜಾತಿ ನುಸುಳುತ್ತಿತ್ತು. ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಅಡುಗೆ ಇಂಥವರಿಗೆ, ಗುಡಿಸುವುದು ಇಂಥವರಿಗೆ ಅಂತ ಅಚ್ಚಾಗಿಯೇ ಇತ್ತು. 2024ರ ಅಕ್ಟೋಬರ್ 3ರಂದು ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೆಲ್ಲ ಹೊಡೆದುಹಾಕಿತು, ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಅಂದಿತು. ರಿಜಿಸ್ಟರಿನಿಂದ ತೆಗೆಯಬಹುದು. ಬ್ಯಾರಕ್ಕಿನಲ್ಲಿ ಪೊರಕೆ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಅಲ್ಲಿಗೇ ಹೋಗಿ ನೋಡಬೇಕು.

ಈಗ ಕಾಯಿಲೆ. ಸಿನಿಮಾ, ಟಿವಿ ನೋಡಿ ಜನ "ಮೆಡಿಕಲ್ ಪೆರೋಲ್" ಅನ್ನುತ್ತಾರೆ. ಅಂಥ ಒಂದೇ ಬಾಗಿಲು ನಮ್ಮಲ್ಲಿಲ್ಲ, ನಾಲ್ಕೈದು ಬೇರೆ ಬೇರೆ ಬಾಗಿಲುಗಳಿವೆ, ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಳು ಹೋಗುತ್ತವೆ.

ಯುಟಿಪಿಗೆ ಪೆರೋಲ್ ಇಲ್ಲ, ಅವನಿಗಿರುವುದು ಜಾಮೀನು. ಕ್ರಿಮಿನಲ್ ಕೇಸು ನಡೆಸುವ ಹಳೆಯ ಕಾಯ್ದೆ ಸಿಆರ್‌ಪಿಸಿಯ 437ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನಲ್ಲಿ 480 ಆಗಿದೆ. ಮರಣದಂಡನೆ ಅಥವಾ ಜೀವಾವಧಿ ಆಗಬಹುದಾದ ಕೇಸಿನಲ್ಲೂ ಆರೋಪಿ ರೋಗಿಯೋ ಅಶಕ್ತನೋ ಆಗಿದ್ದರೆ ಜಾಮೀನು ಕೊಡಬಹುದು ಅಂತ ಅದರಲ್ಲೇ ಇದೆ. ಹಣ ಅಕ್ರಮ ವರ್ಗಾವಣೆ ಕಾಯ್ದೆಯಂಥ ಬಿಗಿ ಕಾನೂನಿನಲ್ಲೂ 45ನೇ ಸೆಕ್ಷನ್ನಿನಲ್ಲಿ ಈ ಸಂದು ಬಿಟ್ಟಿದ್ದಾರೆ. ಇದರ ಜೊತೆಗೆ ಬಿಎನ್‌ಎಸ್‌ಎಸ್‌ನ 479 ಇದೆ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಹಿಂದೆ ಯಾವ ಕೇಸಿನಲ್ಲೂ ಸಜಾ ಆಗದವನಾದರೆ ಮೂರನೇ ಒಂದರಷ್ಟು ಕಾಲ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದು ಇಲ್ಲ, ಮೈಮೇಲೆ ಒಂದಕ್ಕಿಂತ ಹೆಚ್ಚು ಕೇಸುಗಳಿದ್ದರೂ ಇಲ್ಲ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಬರೆಯಬೇಕಾದ್ದು ಜೈಲು ಸೂಪರಿಂಟೆಂಡೆಂಟರ ಕೆಲಸ, ಮನೆಯವರದ್ದಲ್ಲ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ.

ಸಜಾ ಆಗಿ, ಅಪೀಲು ಇನ್ನೂ ಬಾಕಿ ಇದ್ದರೆ ಪೆರೋಲಿನ ಹಿಂದೆ ಬೀಳಬೇಡಿ. ಅಪೀಲು ಕೇಳುತ್ತಿರುವ ಕೋರ್ಟಿನಲ್ಲೇ ಬಿಎನ್‌ಎಸ್‌ಎಸ್‌ನ ಸೆಕ್ಷನ್ 430ರಡಿ ಶಿಕ್ಷೆ ಅಮಾನತು ಕೇಳಬಹುದು, ಚಿಕಿತ್ಸೆಗಾಗಿ ಇಷ್ಟು ವಾರ ಅಂತ ಹಂಗಾಮಿಯಾಗಿಯೂ ಕೇಳಬಹುದು. ನಮ್ಮ ಡಯಾಲಿಸಿಸ್ ಅಣ್ಣನ ಕಥೆ ಇದೇ. ಹೈಕೋರ್ಟಿನಲ್ಲಿ ಅಪೀಲು ಕೂತಿತ್ತು, ತಂಗಿ ಮಾತ್ರ ಯಾರೋ ಹೇಳಿದರು ಅಂತ ಪೆರೋಲ್ ಅರ್ಜಿ ಹಿಡಿದು ಸ್ಟೇಷನ್ನಿಗೂ ಜೈಲಿಗೂ ಅಲೆಯುತ್ತಿದ್ದರು.

ಪೆರೋಲ್ ಸಿಗುವುದು ಶಿಕ್ಷೆ ಗಟ್ಟಿಯಾದವರಿಗೆ. ಅರ್ಜಿ ಜೈಲಿನಿಂದ ಹೊರಟು ಊರಿನ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಇವನು ಬಂದರೆ ಊರಲ್ಲಿ ಗಲಾಟೆ ಆಗುತ್ತದಾ, ಓಡಿಹೋಗುತ್ತಾನಾ ಅನ್ನುವ ವರದಿಯೊಂದಿಗೆ ವಾಪಸ್ ಬರಬೇಕು. ಮನೆಯಲ್ಲಿ ಸಾವು, ಗಂಭೀರ ಕಾಯಿಲೆ ಅಂದರೆ ತುರ್ತು ಪೆರೋಲ್ ಬೇರೆ ಇದೆ. ಇಲಾಖೆ ನಿರಾಕರಿಸಿದರೆ ಹೈಕೋರ್ಟಿಗೆ ರಿಟ್ ಹಾಕಬಹುದು. ನಮ್ಮ ಹೈಕೋರ್ಟು ಇದರಲ್ಲಿ ಮೃದುವಾಗಿಯೇ ನಡೆದುಕೊಂಡಿದೆ. 2023ರಲ್ಲಿ ಒಬ್ಬ ಕೈದಿಗೆ ಮದುವೆಯಾಗಲು, 2024ರಲ್ಲಿ ಇನ್ನೊಬ್ಬರಿಗೆ ಬೇಸಾಯ ಮಾಡಲು ಪೆರೋಲ್ ಕೊಟ್ಟಿದೆ. ಒಂದು ಎಚ್ಚರಿಕೆ: ಪೆರೋಲಿನಲ್ಲಿ ಮನೆಯಲ್ಲಿದ್ದ ದಿನಗಳು ಜೀವಾವಧಿ ಕೈದಿಯ ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಗೋವಾದ ಕೈದಿಗಳ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ.

ಇನ್ನು ಸಾವಿನ ಅಂಚಿನಲ್ಲಿರುವವರು. ಅವರಿಗೆ ಶಿಕ್ಷೆ ಮಾಫಿಯ ದಾರಿ ಇದೆ, ಬಿಎನ್‌ಎಸ್‌ಎಸ್‌ನ ಸೆಕ್ಷನ್ 473ರಡಿ ಸರ್ಕಾರ, ಸಂವಿಧಾನದ 161ರಡಿ ರಾಜ್ಯಪಾಲರು. ಈ ದಾರಿಯಲ್ಲಿ ಫೈಲು ಹೋಗುವ ವೇಗಕ್ಕಿಂತ ಕಾಯಿಲೆಯ ವೇಗ ಜಾಸ್ತಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ವಯಸ್ಸಾದ ಮತ್ತು ವಾಸಿಯಾಗದ ಕಾಯಿಲೆಯ ಕೈದಿಗಳಿಗಾಗಿಯೇ ಒಂದು ಅಭಿಯಾನ ಶುರು ಮಾಡಿದ್ದು ಇದಕ್ಕೇ ಇರಬೇಕು.

ತಡದ ಬೆಲೆ ಎಷ್ಟು ಅನ್ನುವುದಕ್ಕೆ ಸ್ಟ್ಯಾನ್ ಸ್ವಾಮಿ ಅವರ ಪ್ರಕರಣ ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದ್ದ ಪಾದ್ರಿ, ಭೀಮಾ ಕೋರೆಗಾಂವ್ ಕೇಸಿನಲ್ಲಿ ಬಂಧನವಾದಾಗ 83 ವಯಸ್ಸು, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. 2020ರ ನವೆಂಬರಿನಲ್ಲಿ ನೀರು ಕುಡಿಯಲು ಒಂದು ಸಿಪ್ಪರ್, ಒಂದು ಸ್ಟ್ರಾ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ಬಾಂಬೆ ಹೈಕೋರ್ಟಿನಲ್ಲಿ ಅವರ ಜಾಮೀನು ವಿಷಯ ಕೇಳುವಾಗಲೇ ಅವರು ತೀರಿಹೋದ ಸುದ್ದಿ ತಿಳಿಸಿದರು. ಅವರ ಮೇಲಿನ ಆರೋಪದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಒಂದು ಸ್ಟ್ರಾಗೆ ಕೋರ್ಟು ಬೇಕಾಗಿತ್ತಾ?

ನಮ್ಮ ಕೇಸಿಗೆ ವಾಪಸ್ ಬರುತ್ತೇನೆ. ಅರ್ಜಿ ಹಾಕಿದೆವು, ಕೋರ್ಟು ಜೈಲಿನ ವೈದ್ಯರ ವರದಿ ಕೇಳಿತು. ಬಂದ ವರದಿಯಲ್ಲಿ ಇದ್ದಿದ್ದು ಒಂದೇ ಸಾಲು: "ಕಂಡಿಷನ್ ಸ್ಟೇಬಲ್". ಬಾವಿಯಲ್ಲಿ ನಿಂತ ನೀರೂ ಸ್ಟೇಬಲ್ಲೇ, ಅಲ್ವಾ? ಇಂಥ ವರದಿಗೆ ಹೆದರಿ ಕೂರಬಾರದು. ಕೋರ್ಟಿಗೆ ಬೇಕಾದ ಉತ್ತರ ಕೈದಿ ಬದುಕಿದ್ದಾನಾ ಅನ್ನುವುದಲ್ಲ, ಅವನಿಗೆ ಬೇಕಾದ ಚಿಕಿತ್ಸೆ ಜೈಲಿನ ಆಸ್ಪತ್ರೆಯಲ್ಲಿ ಸಿಗುತ್ತದಾ ಅನ್ನುವುದು. ಅದಕ್ಕೆ ನಾವು ಹೊರಗಿನ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಕಾರ್ಡ್ ತರಿಸಿದೆವು. ಕಾರ್ಡು ಬಂದಾಗ ಎಲ್ಲ ಬಯಲಾಯಿತು. ಒಂದು ತಿಂಗಳಲ್ಲಿ ಎಂಟು ತಾರೀಖು ಕೊಟ್ಟಿದ್ದರು, ಮೂರರ ಮುಂದೆ ಏನೂ ಬರೆದಿರಲಿಲ್ಲ, ಖಾಲಿ. ಜೈಲಿನ ರಿಜಿಸ್ಟರಿನಲ್ಲಿ ಆ ಮೂರೂ ದಿನ "ಎಸ್ಕಾರ್ಟ್ ಇಲ್ಲ" ಅಂತಿತ್ತು. ಕೈದಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಸಶಸ್ತ್ರ ಮೀಸಲು ಪಡೆಯ ಪೊಲೀಸರು ಬರಬೇಕು, ಅವರು ಆ ದಿನಗಳಲ್ಲಿ ಬಂದೋಬಸ್ತಿಗೆ ಹೋಗಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅಣ್ಣನ ಕಾಲು ಮಾತ್ರ ಊದಿಕೊಂಡು ಚಪ್ಪಲಿ ಹಾಕಲಾಗದ ಹಾಗಾಗಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ, ಇವರಿಗೆ ಡಾಕ್ಟರು ಎರಡನ್ನೂ ಅಳೆದು ಕೊಡಿ ಅಂದಿದ್ದರು, ಜೈಲಿನ ಸಾಂಬಾರಿನಲ್ಲಿ ಅಳತೆ ಯಾರು ನೋಡುತ್ತಾರೆ?

ಹಾಗಾಗಿ ಒಳಗೆ ನಿಮ್ಮವರು ಯಾರಾದರೂ ಕಾಯಿಲೆ ಬಿದ್ದಿದ್ದರೆ ಬಾಯಿಮಾತಿನಲ್ಲಿ ಬಿಡಬೇಡಿ. ಜೈಲಿಗೆ ಸೇರುವಾಗಲೇ ವೈದ್ಯರ ತಪಾಸಣೆ ಆಗಬೇಕು, ಹಳೆಯ ಕಾಯಿಲೆ ಇದ್ದರೆ ಅವತ್ತೇ ಬರೆಸಿ. ಮಾತ್ರೆಯನ್ನು ಗೇಟಿನಲ್ಲಿ ವಾರ್ಡರ್ ಕೈಗೆ ಕೊಡಲು ಹೋಗಿ ಜಗಳ ಆಡಬೇಡಿ, ಚೀಟಿಯ ಜೊತೆ ಜೈಲಿನ ವೈದ್ಯಾಧಿಕಾರಿಗೆ ಅರ್ಜಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ನನ್ನ ಅನುಭವದಲ್ಲಿ ಆ ಸೀಲಿಗಿರುವ ತೂಕ ಹತ್ತು ಸಲ ಕಾಲಿಗೆ ಬೀಳುವುದಕ್ಕಿಲ್ಲ. ವಕೀಲರಿಗೆ ದುಡ್ಡಿಲ್ಲ ಅಂದರೆ, 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಕಸ್ಟಡಿಯಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಆಫೀಸಿರುತ್ತದೆ.

ಖಾಲಿ ಬಿಟ್ಟ ಆ ಮೂರು ತಾರೀಖುಗಳನ್ನು ನೋಡಿ ಕೋರ್ಟು ಹನ್ನೆರಡು ವಾರ ಶಿಕ್ಷೆ ಅಮಾನತಿನಲ್ಲಿಟ್ಟಿತು. ಜಾಮೀನುದಾರರು ಸಿಕ್ಕಿ, ಆದೇಶ ಜೈಲು ತಲುಪಿ, ಅಣ್ಣ ಹೊರಗೆ ಬರುವ ಹೊತ್ತಿಗೆ ಮತ್ತೆ ಐದು ದಿನ. ಬಿಡುಗಡೆಯ ಸಂಜೆ ಗೇಟಿನ ಹತ್ತಿರ ಆಟೋದಲ್ಲಿ ಕೂತ ಮೇಲೆ ಅವರು ನನ್ನನ್ನು ಕೇಳಿದ್ದು ಕಿಡ್ನಿಯ ಬಗ್ಗೆ ಅಲ್ಲ. "ಮೇಡಂ, ಕಾಯಿಲೆ ಬೀಳೋ ಮುಂಚೆ ಹೊಲಿಗೆ ಸೆಕ್ಷನ್ನಲ್ಲಿ ಹನ್ನೊಂದು ದಿನ ಮಾಡಿದ್ದೆ. ಆ ಕೂಲಿ ಇನ್ನೂ ನನ್ನ ಅಕೌಂಟಿಗೆ ಬಂದಿಲ್ಲ. ಅದಕ್ಕೂ ಒಂದು ಅರ್ಜಿ ಬರೆದುಕೊಡ್ತೀರಾ?"

ಬರೆದುಕೊಟ್ಟೆ, ಅಲ್ಲೇ ಆಟೋದ ಸೀಟಿನ ಮೇಲೆ ಕಾಗದ ಇಟ್ಟುಕೊಂಡು. ತಂಗಿ ಇಳಿದು ಹೋಗಿ ಗೇಟಿನ ಆಫೀಸಿನಲ್ಲಿ ಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಂಡು ಬಂದರು.