ಮಂಗಳೂರಿಗೆ ತಪ್ಪಿಹೋದ ಧಾತು

ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು. ಪಕ್ಕದಲ್ಲಿ ಅಕ್ಕನ ಮಗಳು. ಮರುದಿನ ಅವಳಿಗೆ ಕೆಮಿಸ್ಟ್ರಿ ಪರೀಕ್ಷೆ. ತೊಡೆಯ ಮೇಲೆ ಆವರ್ತ ಕೋಷ್ಟಕ ಬಿಡಿಸಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

"ಮಾಮ, ಕಾಪು ಪಾಸ್!"

ಬಸ್ಸು ಕಾಪು ದಾಟಿತು ಅಂತ ನಾನು ತಿಳಿದುಕೊಂಡೆ. ಅದಲ್ಲವಂತೆ. ಅಂಗಡಿಯ ಬೋರ್ಡಿನಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ಕೆ, ಎ, ಯು, ಪಿ ಎಂದಿತ್ತು. ಕೆ ಅಂದರೆ ಪೊಟ್ಯಾಸಿಯಂ, ಎಯು ಚಿನ್ನ, ಪಿ ರಂಜಕ. ಇಡೀ ಹೆಸರು ಧಾತುಗಳ ಸಂಕೇತಗಳಿಂದಲೇ ಆಗಿದೆ!

ಪದಪ್ರಿಯರಿಗೆ ಇದು ಗೊತ್ತಿರುವ ಆಟ. ಅಕ್ಷರಗಳನ್ನು ಹಿಂದೆಮುಂದೆ ಮಾಡುವಂತಿಲ್ಲ, ಒಂದನ್ನೂ ಬಿಡುವಂತಿಲ್ಲ. ನಿಕೋಟಿನ್ ಎಂಬ ಪದವನ್ನೇ ನೋಡಿ. ಅದರ ಇಂಗ್ಲಿಷ್ ಸ್ಪೆಲಿಂಗನ್ನು ಒಡೆದರೆ ನಿಕ್ಕಲ್, ಕೋಬಾಲ್ಟ್, ಟೈಟಾನಿಯಂ, ನಿಯಾನ್ ಸಿಗುತ್ತವೆ. ತಂಬಾಕಿನ ನಿಕೋಟಿನ್ ಅಣುವಿನಲ್ಲಿ ಮಾತ್ರ ಈ ನಾಲ್ಕರಲ್ಲಿ ಒಂದೂ ಇಲ್ಲ. ಅಲ್ಲಿರುವುದು ಬರೀ ಇಂಗಾಲ, ಜಲಜನಕ, ಸಾರಜನಕ. ಉದ್ದದ ಪದ ಬೇಕಿದ್ದರೆ 'ಇರ್‌ರೆಸ್ಪಾನ್ಸಿಬಿಲಿಟೀಸ್' ಉಂಟು. 18 ಅಕ್ಷರ, 12 ಧಾತು. ಇರಿಡಿಯಂನಿಂದ ಶುರುವಾಗಿ ಐನ್‌ಸ್ಟೈನಿಯಂನಲ್ಲಿ ಮುಗಿಯುತ್ತದೆ. ಬೇಜವಾಬ್ದಾರಿಗೆ ಇಷ್ಟೊಂದು ಸಾಮಾನು!

ಮುಂದೆ ಉಚ್ಚಿಲ ಬಂತು. ಯುರೇನಿಯಂ, ಇಂಗಾಲ, ಜಲಜನಕ, ಅಯೋಡಿನ್, ಲ್ಯಾಂಥನಂ. ಪಾಸ್. ಪಡುಬಿದ್ರಿ ಡಿ ಅಕ್ಷರದಲ್ಲಿ ಮುಗ್ಗರಿಸಿತು. ಹೆಜಮಾಡಿಯಲ್ಲಿ ಹೀಲಿಯಂ ಆದ ಕೂಡಲೇ ಜೆ. ಅಲ್ಲಿಗೆ ಕತೆ ಮುಗಿಯಿತು. ಕೋಷ್ಟಕದ 118 ಸಂಕೇತಗಳಲ್ಲಿ ಎಲ್ಲೂ ಜೆ ಇಲ್ಲ. ಬಜ್ಪೆಗೂ ಉಜಿರೆಗೂ ಅದೇ ಗತಿ. ಹಿಂದೆ ಜರ್ಮನ್ ಪುಸ್ತಕಗಳಲ್ಲಿ ಅಯೋಡಿನ್‌ಗೆ ಜೆ ಎಂದೇ ಬರೆಯುತ್ತಿದ್ದರು. ಅವರ ಭಾಷೆಯಲ್ಲಿ ಆ ಹೆಸರು ಜೆಯಿಂದ ಶುರುವಾಗುತ್ತದೆ. ಅದು ಉಳಿಯಲಿಲ್ಲ.

ಯಾವ ಅಕ್ಷರಕ್ಕೆ ಜಾಗ ಸಿಕ್ಕಿತು, ಯಾವುದಕ್ಕೆ ಇಲ್ಲ ಎನ್ನುವುದರ ಹಿಂದೆ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಇದ್ದಾರೆ. ಅದಕ್ಕೂ ಮೊದಲು ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್ ಧಾತುಗಳಿಗೆ ವೃತ್ತ ಬರೆದು, ಒಳಗೆ ಚುಕ್ಕಿಯನ್ನೋ ಗೆರೆಯನ್ನೋ ಹಾಕುತ್ತಿದ್ದರು. ಅದನ್ನು ಅಚ್ಚು ಹಾಕುವವರ ಪಾಡು ಕೇಳಬೇಡಿ. 1813-14ರಲ್ಲಿ ಬರ್ಜೀಲಿಯಸ್ ಸುಮ್ನೆ ಅಕ್ಷರ ಸಾಕು ಅಂದರು. ಲ್ಯಾಟಿನ್ ಹೆಸರಿನ ಮೊದಲ ಅಕ್ಷರ ತೆಗೆದುಕೊಳ್ಳಿ, ಎರಡು ಧಾತುಗಳಿಗೆ ಒಂದೇ ಅಕ್ಷರ ಬಂದರೆ ಇನ್ನೊಂದು ಅಕ್ಷರ ಸೇರಿಸಿ. ಹಾಗಾಗಿ ಚಿನ್ನ ಗೋಲ್ಡ್ ಆಗಿ ಬಾರದೆ ಆರಮ್ ಆಗಿ ಬಂತು. ಕಾಪುವಿಗೆ ಅದೇ ವರವಾಯಿತು.

ಈಗ ಒಂಟಿ ಅಕ್ಷರದ ಸಂಕೇತಗಳು 14 ಮಾತ್ರ. ಎ, ಡಿ, ಎಂ, ಆರ್ ಆ ಪಟ್ಟಿಯಲ್ಲಿಲ್ಲ. ನಮ್ಮ ಕರಾವಳಿಯ ಹೆಸರುಗಳಿಗೆ ಜಾಸ್ತಿ ಬೇಕಾದದ್ದು ಇವೇ ಅಲ್ವಾ? ಆರ್ ಒಂಟಿಯಾಗಿ ಇಲ್ಲದ್ದರಿಂದ ಪುತ್ತೂರು, ಕೊಲ್ಲೂರುಗಳ ಇಂಗ್ಲಿಷ್ ಹೆಸರು ಪಾಸಾಗುವುದಿಲ್ಲ. ಕಾರ್ಕಳದ್ದು ಇನ್ನೂ ಪಾಪ. ಕೊನೆಯಲ್ಲಿ ಒಂದು ಎ ಮಿಕ್ಕುತ್ತದೆ. 1957ರ ತನಕ ಆರ್ಗಾನ್‌ನ ಸಂಕೇತ ಬರೀ ಎ ಆಗಿತ್ತು, ಆಮೇಲೆ ಎಆರ್ ಆಯಿತು. ಆದರೆ ಕಾರ್ಕಳಕ್ಕೆ ಎರಡೂ ಬೇಕು! ಉಡುಪಿ ಡಿಯನ್ನು ಕೇಳುತ್ತದೆ. ಭಾರಜಲದಲ್ಲಿರುವ ಡ್ಯೂಟೀರಿಯಂಗೆ ಡಿ ಎಂದು ಬರೆಯುವುದುಂಟು, ಆದರೆ ಅದು ಬೇರೆ ಧಾತುವಲ್ಲ, ಜಲಜನಕದ್ದೇ ಭಾರದ ರೂಪ. ಅಕ್ಕನ ಮಗಳು ಉಡುಪಿಯವಳು, ಹಾಗಾಗಿ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿದಳು.

ಸುರತ್ಕಲ್ ಬಂದಾಗ ಇಬ್ಬರೂ ಕುಣಿಯುವುದೊಂದು ಬಾಕಿ. ಗಂಧಕ, ಯುರೇನಿಯಂ, ರೇಡಿಯಂ, ಥೋರಿಯಂ, ಪೊಟ್ಯಾಸಿಯಂ, ಅಲ್ಯೂಮಿನಿಯಂ. ಒಂಬತ್ತು ಅಕ್ಷರ, ಒಂದೂ ವ್ಯರ್ಥವಿಲ್ಲ. ನಡುವಿನ ಮೂರು ವಿಕಿರಣ ಸೂಸುವಂಥವು, ಆದರೆ ಹೆಸರಿನಲ್ಲಿ ಮಾತ್ರ ಮಾರಾಯ್ರೆ, ಗಾಬರಿ ಬೇಡ. ವಿಜ್ಞಾನ ಕೇಂದ್ರ ಇರುವ ಪಿಲಿಕುಳವೂ ಪಾಸ್, ಹೆಬ್ರಿಯೂ ಪಾಸ್, ಕೋಟವೂ ಪಾಸ್.

ಮಂಗಳೂರು? 2014ರ ನವೆಂಬರ್ 1ರಂದು ಬೆಂಗಳೂರಿಗೂ ಮಂಗಳೂರಿಗೂ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತಲ್ಲ, ಆ ದಿನ ಬೆಂಗಳೂರು ಗೆದ್ದಿತು. ಬೆರಿಲಿಯಂ, ಸಾರಜನಕ, ಗ್ಯಾಲಿಯಂ, ಲುಟೀಷಿಯಂ, ರುಥೇನಿಯಂ. ನಮ್ಮದೂ ಎರಡಕ್ಷರ ಬಿಟ್ಟರೆ ಅದೇ ಹೆಸರು. ಆ ಎರಡಕ್ಷರ ಎಂಎ. ಅಂಥ ಧಾತು ಇಲ್ಲ.

ಒಮ್ಮೆ ಇತ್ತು ಅಂದುಕೊಂಡಿದ್ದರು. 1925ರಲ್ಲಿ ಜರ್ಮನಿಯ ವಾಲ್ಟರ್ ನೊಡ್ಡಾಕ್, ಇಡಾ ಟಾಕೆ, ಒಟ್ಟೊ ಬರ್ಗ್ ಎರಡು ಹೊಸ ಧಾತುಗಳನ್ನು ಕಂಡೆವು ಎಂದು ಸಾರಿದರು. ಕೋಷ್ಟಕದಲ್ಲಿ 75ನೆಯದು ರೀನಿಯಂ. ಅದು ನಿಜವಾಯಿತು. 43ನೆಯದಕ್ಕೆ ಮಸೂರಿಯಂ ಎಂದು ಹೆಸರಿಟ್ಟರು, ಸಂಕೇತ ಎಂಎ. ಅದನ್ನು ಮತ್ತೆ ಯಾರಿಗೂ ತೋರಿಸಲು ಆಗಲಿಲ್ಲ. 1937ರಲ್ಲಿ ಇಟಲಿಯ ಪೆರಿಯೆ ಮತ್ತು ಸೆಗ್ರೆ, ಅಮೆರಿಕದ ಬರ್ಕ್ಲಿಯ ಸೈಕ್ಲೋಟ್ರಾನ್ ಯಂತ್ರದಲ್ಲಿ ವೇಗದ ಕಣಗಳ ಏಟು ತಿಂದು ಬಂದ ಮಾಲಿಬ್ಡಿನಂ ತುಂಡಿನಲ್ಲಿ ನಿಜವಾದ 43ನೆಯ ಧಾತುವನ್ನು ಕಂಡುಹಿಡಿದರು. ಆಮೇಲೆ ಅದು ಟೆಕ್ನೀಷಿಯಂ ಆಯಿತು. ಅದರ ಒಂದು ರೂಪ ಇವತ್ತು ಆಸ್ಪತ್ರೆಗಳ ಎಲುಬಿನ ಸ್ಕ್ಯಾನಿಗೆ ಬಳಕೆಯಲ್ಲಿದೆ, ಆರು ಗಂಟೆಗೆ ಅರ್ಧದಷ್ಟು ಕರಗಿಹೋಗುತ್ತದೆ. ಸಂಕೇತ ಮಾತ್ರ ಟಿಸಿ.

"ಅಂದ್ರೆ ಮಂಗಳೂರು ಎಂಎ ಕೇಳಿತು, ಟಿಸಿ ಕೊಟ್ಟು ಕಳಿಸಿದ್ರು" ಅಂದಳು ಅಕ್ಕನ ಮಗಳು. ಕಂಡಕ್ಟರ್ ಕೊಟ್ಟಾರ ಕೊಟ್ಟಾರ ಎಂದು ಕೂಗತೊಡಗಿದ.