ತೊಡೆಯ ಹೊರಬದಿ ಉರಿಯುತ್ತಾ? ಸ್ಕ್ಯಾನ್‌ಗೆ ಮೊದಲು ಸೊಂಟ ನೋಡಿಕೊಳ್ಳಿ

"ಡಾಕ್ಟ್ರೇ, ಡಿಸ್ಕ್ ಜಾರಿದೆಯಂತೆ" ಎಂದು ಎಂಆರ್‌ಐ ಫಿಲ್ಮ್ ಹಿಡಿದು ಬರುವವರು ಬಹಳ. ನಾನು ಮೊದಲು ಕೇಳುವುದು ಒಂದೇ, ನೋವು ಎಲ್ಲಿ, ಕೈಯಿಟ್ಟು ತೋರಿಸಿ. ಪ್ಯಾಂಟ್ ಜೇಬಿನ ಕೆಳಗೆ, ತೊಡೆಯ ಹೊರಬದಿಗೆ ಅಂಗೈ ಸವರಿ ಮಂಡಿಗಿಂತ ಮೇಲೇ ನಿಲ್ಲಿಸಿದರೆ ಅನುಮಾನ ಬೆನ್ನಿನಿಂದ ಬೇರೆ ಕಡೆ ಹೊರಳುತ್ತದೆ.

ಇದು ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ. ಬೆನ್ನಿನಿಂದ ಬರುವ ಒಂದು ನರ ಸೊಂಟದ ಮುಂಭಾಗದ ಎಲುಬಿನ ತುದಿಯ ಪಕ್ಕ, ತೊಡೆಸಂದಿನ ಗಟ್ಟಿ ಪಟ್ಟಿಯ ಅಡಿಯಿಂದ ನುಸುಳಿ ತೊಡೆಯ ಚರ್ಮಕ್ಕೆ ಹೋಗುತ್ತದೆ. ಅಲ್ಲೇ ಒತ್ತು ಬೀಳುವುದು. ಈ ನರಕ್ಕೆ ಸ್ನಾಯುವಿನ ಕೆಲಸ ಇಲ್ಲವೇ ಇಲ್ಲ, ಹಾಗಾಗಿ ಉರಿ, ಜೋಮು, ಬಟ್ಟೆ ತಾಗಿದರೂ ಚುರುಚುರು, ಇಷ್ಟೇ. ಕಾಲಿನ ಶಕ್ತಿ ಕುಗ್ಗುವುದಿಲ್ಲ. ಶಕ್ತಿ ಕುಗ್ಗಿದ್ದರೆ ಅಥವಾ ನೋವು ಪಾದದವರೆಗೆ ಇಳಿದರೆ ಬೆನ್ನನ್ನು ನೋಡಲೇಬೇಕು.

ಒತ್ತುವುದು ಏನು ಅಂದರೆ ಹೊಟ್ಟೆಯ ಬೊಜ್ಜು, ಬಸಿರು, ಬಿಗಿ ಜೀನ್ಸ್, ಪೊಲೀಸರ ಬೆಲ್ಟ್, ಸೀರೆಯೊಳಗಿನ ಲಂಗದ ಲಾಡಿ. ಲಾಡಿಯನ್ನು ಅಷ್ಟು ಬಿಗಿದು ಕಟ್ಟದಿದ್ದರೆ ಸೀರೆ ನಿಲ್ಲಲ್ಲ ಅಂತಾರೆ, ನಿಜ, ಆದರೆ ಸೊಂಟದ ಮೇಲೆ ಗಾಯದ ಗುರುತಿನ ಹಾಗೆ ಕಪ್ಪು ಗೆರೆ ಬಿದ್ದಿರುತ್ತಲ್ಲ, ಅದನ್ನು ನೋಡಿದ ಮೇಲೆ ಬೇರೆ ಹೇಳಬೇಕಿಲ್ಲ. ಅಗಲ ಪಟ್ಟಿಯ ಲಂಗ ಹಾಕಿ. ಸಕ್ಕರೆ ಕಾಯಿಲೆ ಇದ್ದವರಿಗೆ ನರ ಬೇಗ ಸೋಲುತ್ತದೆ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಜಾಸ್ತಿ ಜನಕ್ಕೆ ಒತ್ತಡ ಇಳಿಸಿ ತೂಕ ಕಡಿಮೆ ಮಾಡಿದರೆ ಸಾಕಾಗುತ್ತದೆ, ಆದರೆ ವಾರದಲ್ಲಲ್ಲ, ತಿಂಗಳುಗಳೇ ಹಿಡಿಯಬಹುದು. ನಿದ್ದೆ ಕೆಡಿಸುವ ಉರಿಗೆ ಪ್ರೆಗಬಾಲಿನ್, ಗ್ಯಾಬಾಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್ ಬರೆಯುತ್ತೇವೆ. ಇವು ಮಂಪರು ತರುತ್ತವೆ, ಶುರುವಿನ ದಿನಗಳಲ್ಲಿ ಸ್ಕೂಟರ್ ಬೇಡ, ತಾನಾಗಿ ಒಮ್ಮೆಲೇ ನಿಲ್ಲಿಸುವುದೂ ಬೇಡ. ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಮೊದಲೇ ಹೇಳಿಬಿಡಿ. ಮತ್ತೆ ಆ ಬಿಸಿನೀರಿನ ಚೀಲ! ಜೋಮು ಹಿಡಿದ ಚರ್ಮಕ್ಕೆ ಬಿಸಿ ಗೊತ್ತಾಗಲ್ಲ, ಬೊಬ್ಬೆ ಎಬ್ಬಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಇಷ್ಟಕ್ಕೂ ಬಗ್ಗದಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ನರ ನೋಡುತ್ತಾ ಅದರ ಪಕ್ಕಕ್ಕೆ ಮರಗಟ್ಟಿಸುವ ಔಷಧಿ, ಸ್ಟೀರಾಯ್ಡ್ ಚುಚ್ಚುತ್ತೇವೆ. ಚುಚ್ಚಿದ ಸ್ವಲ್ಪ ಹೊತ್ತಿಗೇ ಉರಿ ಇಳಿದರೆ ರೋಗ ಇದೇ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಸ್ಟೀರಾಯ್ಡ್‌ನಿಂದ ಕೆಲ ದಿನ ಸಕ್ಕರೆ ಏರಬಹುದು. ಆಪರೇಷನ್ ಕೊನೆಯದು. ಒತ್ತಿರುವ ಪಟ್ಟಿ ಬಿಡಿಸಬಹುದು, ಇಲ್ಲವೇ ನರವನ್ನೇ ಕತ್ತರಿಸಬಹುದು. ಕತ್ತರಿಸಿದರೆ ಆ ಜಾಗ ಕಾಯಂ ಮರಗಟ್ಟಿರುತ್ತದೆ, ಕೆಲವರು "ಉರಿಗಿಂತ ಅದೇ ವಾಸಿ" ಎಂದು ಒಪ್ಪುತ್ತಾರೆ.