ನಾಟಕದ ಒಂದು ಪುಟದಿಂದ ಮಾತಾಡುವ ಫ್ರೆಂಚ್: ಅಭ್ಯಾಸ ಟಿಪ್ಪಣಿ

ಎ2 ಹಂತದ (ಯುರೋಪಿನ ಭಾಷಾಮಟ್ಟದ ಆರು ಹಂತಗಳಲ್ಲಿ ಎರಡನೆಯದು) ವ್ಯಾಕರಣ ಮುಗಿಸಿದವರಿಗೂ ಬಾಯಿ ತೆರೆದ ಕೂಡಲೇ ಫ್ರೆಂಚ್ ತೊಡರುತ್ತದೆ. ವಾಕ್ಯ ಕಟ್ಟಬೇಕು, ಸರಿಯಾಗಿ ಉಚ್ಚರಿಸಬೇಕು, ಎದುರಿನವರ ಮಾತನ್ನೂ ಹಿಡಿಯಬೇಕು. ಮೂರೂ ಒಟ್ಟಿಗೇ ಆಗಬೇಕು. ನಾಟಕದಲ್ಲಿ ವಾಕ್ಯ ಸಿದ್ಧವಾಗಿಯೇ ಇರುತ್ತದೆ. ಹಾಗಾಗಿ ಗಮನವನ್ನೆಲ್ಲ ಬಾಯಿ, ಉಸಿರು, ಕಿವಿಗಳಿಗೆ ಕೊಡಬಹುದು. ಇದಕ್ಕೆ ಇಡೀ ನಾಟಕ ಬೇಡ. ಇಬ್ಬರ ನಡುವಿನ ಹದಿನೈದಿಪ್ಪತ್ತು ಮಾತುಗಳ ಒಂದು ತುಣುಕು ಸಾಕು.

ಆರಿಸುವಾಗ ಗದ್ಯವನ್ನೇ ಆರಿಸಿ. ಹದಿನೇಳನೇ ಶತಮಾನದ ಫ್ರೆಂಚ್ ನಾಟಕಕಾರ ಮೊಲಿಯೇರ್‌ನ ‘ತಾರ್ತುಫ್’ ಪದ್ಯನಾಟಕ. ಅದರ ಹನ್ನೆರಡು ಉಚ್ಚಾರಾಂಶಗಳ, ಅಂದರೆ ಸಿಲಬಲ್‌ಗಳ ಸಾಲಿನಲ್ಲಿ, ದಿನದ ಮಾತಿನಲ್ಲಿ ನುಂಗಿಹೋಗುವ ಮೂಕ ಸ್ವರವನ್ನೂ ವ್ಯಂಜನದ ಮುಂದೆ ಎಣಿಸಿ ಹೇಳಬೇಕಾಗುತ್ತದೆ. ಆ ರೂಢಿ ನಾಲಗೆಗೆ ಹತ್ತಿದರೆ ಅಂಗಡಿಯಲ್ಲಿ ಬ್ರೆಡ್ ಕೇಳುವಾಗಲೂ ವಾಚನದಂತೆ ಕೇಳಿಸುತ್ತದೆ. ಅವನದೇ ‘ಲಾವಾರ್’, ‘ಲ ಬುರ್ಜ್ವಾ ಜಾಂತಿಯೊಮ್’ ಎರಡೂ ಗದ್ಯ.

ಎರಡನೆಯದು 1670ರ ನಾಟಕ. ಅದರ ಎರಡನೇ ಅಂಕದ ನಾಲ್ಕನೇ ದೃಶ್ಯ ನಮಗೆಂದೇ ಬರೆದಂತಿದೆ. ತತ್ವಶಾಸ್ತ್ರದ ಮೇಷ್ಟ್ರು ಶ್ರೀಮಂತ ಜುರ್ದ್ಯಾಂಗೆ ಸ್ವರಗಳನ್ನು ಹೇಳಿಕೊಡುತ್ತಾನೆ. ‘ಆ’ಗೆ ಬಾಯಿ ದೊಡ್ಡದಾಗಿ ತೆರೆಯಬೇಕು, ‘ಇ’ಗೆ ತುಟಿಯ ಅಂಚುಗಳನ್ನು ಕಿವಿಯತ್ತ ಎಳೆಯಬೇಕು. ಫ್ರೆಂಚ್ ‘ಯು’ ಅಕ್ಷರದ ಸ್ವರಕ್ಕೆ ಹಲ್ಲುಗಳನ್ನು ಪೂರ್ತಿ ಸೇರಿಸದೆ ಹತ್ತಿರ ತಂದು, ಎರಡೂ ತುಟಿಗಳನ್ನು ಮುಂದಕ್ಕೆ ಚಾಚಬೇಕು. ಪ್ರೇಕ್ಷಕರು ನಗುತ್ತಾರೆ, ಆದರೆ ಸೂಚನೆಗಳು ಇಂದಿಗೂ ಕನ್ನಡಿಯ ಮುಂದೆ ಉಪಯೋಗಕ್ಕೆ ಬರುತ್ತವೆ. ಕನ್ನಡಿಗರಿಗೆ ದಾರಿ ಇನ್ನೂ ಸುಲಭ: ‘ಈ’ ಎನ್ನುತ್ತ ನಾಲಗೆಯನ್ನು ಅಲ್ಲಾಡಿಸದೆ ತುಟಿಯನ್ನು ‘ಊ’ ಆಕಾರಕ್ಕೆ ತನ್ನಿ. ಹಾಗೆಯೇ ‘ಏ’ ಎನ್ನುತ್ತ ತುಟಿಯನ್ನು ‘ಓ’ ಮಾಡಿದರೆ ‘ಕಣ್ಣುಗಳು’ ಎಂಬರ್ಥದ ಪದದಲ್ಲಿರುವ ಸ್ವರ ಬರುತ್ತದೆ.

ಇದೇ ದೃಶ್ಯದಲ್ಲಿ ಜುರ್ದ್ಯಾಂ ಒಬ್ಬ ಮಾರ್ಕೀಸಳಿಗೆ (ಕುಲೀನ ಮಹಿಳೆಗೆ) ಬರೆಯಬೇಕೆಂದಿರುವ ಪ್ರೇಮದ ಸಾಲು ಬರುತ್ತದೆ. ಅದನ್ನು ಉಸಿರಿನ ಗುಂಪುಗಳಾಗಿ ಹೀಗೆ ಕಡಿಯಿರಿ:

ಬೆಲ್ ಮರ್ಕೀಜ಼್ / ವೊ ಬೊ-ಜ಼್ಯೊ / ಮ ಫೋಂ ಮುರೀರ್ ದಮೂರ್

‘ಸುಂದರ ಮಾರ್ಕೀಸ್, ನಿಮ್ಮ ಚೆಲುವಾದ ಕಣ್ಣುಗಳು ನನ್ನನ್ನು ಪ್ರೇಮದಿಂದ ಸಾಯಿಸುತ್ತಿವೆ’ ಎಂದರ್ಥ. ಸಿಲಬಲ್‌ಗಳು ಮೂರು, ಮೂರು, ಆರು. ಪ್ರತಿ ಗುಂಪಿನ ಕೊನೆಯ ಸಿಲಬಲ್ ಮಾತ್ರ ತುಸು ಉದ್ದ, ಉಳಿದವೆಲ್ಲ ಸಮ. ಎರಡನೇ ಗುಂಪಿನಲ್ಲಿ ‘ಬೊ’ ಪದದ ಕೊನೆಯ ಮೂಕ ವ್ಯಂಜನ, ಮುಂದಿನ ಪದ ಸ್ವರದಂತೆ ಶುರುವಾಗುವುದರಿಂದ, ‘ಜ಼’ ಆಗಿ ಜೀವ ಪಡೆದು ಆ ಪದಕ್ಕೇ ಅಂಟಿಕೊಳ್ಳುತ್ತದೆ. ಇದೇ ಲಿಯೇಜ಼ಾಂ. ಮೇಷ್ಟ್ರು ಇದೇ ಸಾಲಿನ ಪದಗಳನ್ನು ಹಿಂದುಮುಂದಾಗಿಸಿ ಮತ್ತೆ ಮತ್ತೆ ಹೇಳಿ ತೋರಿಸುತ್ತಾನೆ. ವಿಭಕ್ತಿಯ ಬಲದಿಂದ ಪದಗಳನ್ನು ಸರಾಗವಾಗಿ ಸ್ಥಳಾಂತರಿಸುವ ನಮಗೆ ಅದು ಅಷ್ಟು ವಿಚಿತ್ರ ಎನಿಸದು, ಫ್ರೆಂಚ್ ಕಿವಿಗೆ ಅದು ಹಾಸ್ಯ. ಎಲ್ಲ ರೂಪಗಳನ್ನೂ ಜೋರಾಗಿ ಹೇಳಿ. ಗುಂಪು ಬದಲಾದಂತೆ ಉದ್ದವಾಗುವ ಸಿಲಬಲ್ ಹೇಗೆ ಜಾಗ ಬದಲಿಸುತ್ತದೆ ಎಂಬುದು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ತಿಳಿಯುವುದಿಲ್ಲ.

ಕನ್ನಡದ ನಾಲಗೆ ಎಲ್ಲಿ ಎಡವುತ್ತದೆ

‘ಬಸ್ಸು’, ‘ಕಾರು’ ಎನ್ನುವ ರೂಢಿಯಿಂದ ‘ಮರ್ಕೀಜ಼ು’ ಬರುತ್ತದೆ. ವ್ಯಂಜನದಲ್ಲೇ ನಿಲ್ಲಿಸಿ.

ಇನ್ನೊಂದು ತಪ್ಪು ಸೂಕ್ಷ್ಮ, ಹಾನಿ ಹೆಚ್ಚು. ‘ಎಲ್ಲಿ’ಯನ್ನು ‘ಯೆಲ್ಲಿ’, ‘ಒಂದು’ವನ್ನು ‘ವೊಂದು’ ಎನ್ನುವಂತೆ, ಫ್ರೆಂಚ್ ಪದದ ಮೊದಲಿಗೂ ನಾವು ಯ, ವ ಸೇರಿಸುತ್ತೇವೆ. ‘ಗಂಡಸರು’ ಎನ್ನಲು ‘ಲೆ-ಜ಼ೊಮ್’ ಬರಬೇಕಾದಲ್ಲಿ ‘ಲೆ ವೊಮ್’ ಬಂದರೆ ಲಿಯೇಜ಼ಾಂ ಮುರಿಯಿತು. ಬಹುವಚನ ಕೇಳಿಸುತ್ತಿದ್ದ ಕೊಂಡಿಯೂ ಹೋಯಿತು.

ಮೂಗಿನ ಸ್ವರಕ್ಕೆ ಕನ್ನಡದ ಸೊನ್ನೆ ಬರೀ ಗುರುತು. ‘ಫೋಂ’ ಎನ್ನುವಾಗ ತುಟಿ ಮುಚ್ಚಿದರೆ ‘ಫೋಮ್’ ಆಗುತ್ತದೆ. ಸ್ವರವನ್ನು ಮೂರು ಸೆಕೆಂಡ್ ಎಳೆದು, ಬಾಯಿ ತೆರೆದೇ ಮುಗಿಸಿ. ಇನ್ನು ಟ, ಡ ಬೇಡ, ನಮ್ಮ ತ, ದಗಳೇ ಫ್ರೆಂಚಿಗೆ ಸರಿ. ಮಹಾಪ್ರಾಣವಿಲ್ಲದ ಪ, ತ, ಕ ನಮಗೆ ಹುಟ್ಟಿನಿಂದಲೇ ಇವೆ, ಇಂಗ್ಲಿಷ್ ಧಾಟಿ ತಂದು ಅವನ್ನು ಕೆಡಿಸಬಾರದು.

ಅಭ್ಯಾಸದ ಕ್ರಮ

ಮೊದಲು ಧ್ವನಿಮುದ್ರಣ ಕೇಳಿ, ಆಮೇಲೆ ಪುಟ ನೋಡಿ. ಕಣ್ಣಿನಿಂದ ಬಾಯಿಪಾಠ ಮಾಡಿದರೆ ಮೂಕ ಅಕ್ಷರಗಳೂ ನಾಲಗೆಗೆ ಬರುತ್ತವೆ, ತಿದ್ದುವುದು ಕಷ್ಟ. ಪೆನ್ಸಿಲ್‌ನಲ್ಲಿ ಉಸಿರಿನ ಜಾಗಕ್ಕೆ ಓರೆಗೆರೆ, ಲಿಯೇಜ಼ಾಂಗೆ ಕಮಾನು ಹಾಕಿ. ನಂತರ ಫ್ರೆಂಚ್ ನಟರು ‘ಇತಾಲಿಯೆನ್’ ಎಂದು ಕರೆಯುವ ಓಟ: ಭಾವ, ಚಲನೆ ಏನೂ ಇಲ್ಲದೆ ಜೊತೆಗಾರರೊಂದಿಗೆ ಇಡೀ ತುಣುಕನ್ನು ವೇಗವಾಗಿ ಹೇಳಿ ಮುಗಿಸುವುದು. ಎಲ್ಲಿ ತಡವರಿಸುತ್ತೀರೋ ಅಲ್ಲಿ ಪದ ಇನ್ನೂ ಬಾಯಿಗೆ ಕೂತಿಲ್ಲ. ಅಷ್ಟನ್ನೇ ಬಿಡಿಸಿ, ಕೊನೆಯ ಸಿಲಬಲ್‌ನಿಂದ ಹಿಂದಕ್ಕೆ ಕಟ್ಟಿಕೊಂಡು ಬನ್ನಿ: ಮೂರ್, ದಮೂರ್, ಮುರೀರ್ ದಮೂರ್.

ತನ್ನ ಮಾತನ್ನಷ್ಟೇ ಕಲಿಯುವುದು ಸಾಮಾನ್ಯ ತಪ್ಪು. ಎದುರಿನವರ ಮಾತಿನ ಕೊನೆಯ ಮೂರು ಪದಗಳು ಕಿವಿಗೆ ಬಿದ್ದಾಗಲೇ ನಿಮ್ಮ ಮಾತು ಹೊರಡಬೇಕು. ಅದಕ್ಕೇ ಪಾತ್ರ ಅದಲುಬದಲು ಮಾಡಿ. ಜೊತೆಗಾರರಿಲ್ಲದಿದ್ದರೆ ಅವರ ಮಾತನ್ನು ಫೋನಿನಲ್ಲಿ ನೀವೇ ಮುದ್ರಿಸಿ, ನಿಮ್ಮ ಸರದಿಗೆ ಖಾಲಿ ಜಾಗ ಬಿಡಿ.

ಕೊನೆಗೆ ಪಠ್ಯ ಮಡಚಿಟ್ಟು ಅದೇ ಸನ್ನಿವೇಶವನ್ನು ನಿಮ್ಮ ಮಾತಿನಲ್ಲಿ ಮೂರು ನಿಮಿಷ ಆಡಿ. ‘ವು’ (ನೀವು) ಎನ್ನುತ್ತಿದ್ದ ಪಾತ್ರಗಳಿಗೆ ‘ತ್ಯು’ (ನೀನು) ಕೊಡಿ. ‘ಕೂತುಕೊಳ್ಳಿ’ ಎನ್ನುವ ‘ಅಸೆಯೆ-ವು’ ಆಗ ‘ಅಸ್ಯೆ-ತ್ವಾ’ ಆಗುತ್ತದೆ, ಕ್ರಿಯಾಪದಗಳೆಲ್ಲ ನಿಂತಲ್ಲೇ ಬದಲಾಗಬೇಕು. ಫ್ರೆಂಚ್ ಭಾಷೆಯ ಪ್ರಮಾಣಪತ್ರ ಪರೀಕ್ಷೆಯಾದ ಡೆಲ್ಫ್‌ನ ಬಿ1 (ಎ2ರ ಮುಂದಿನ ಹಂತ) ಮೌಖಿಕ ಭಾಗದಲ್ಲೂ ತಯಾರಿಗೆ ಸಮಯ ಕೊಡದೆ 3–4 ನಿಮಿಷದ ಇಂಥದ್ದೇ ಪಾತ್ರಾಭಿನಯ ಇರುತ್ತದೆ. ಆಡುವಾಗ ಪದ ಸಿಗದಿದ್ದರೆ ಇಂಗ್ಲಿಷಿಗೆ ಹಾರಬೇಡಿ, ಆ ವಸ್ತುವನ್ನು ಫ್ರೆಂಚಿನಲ್ಲೇ ಸುತ್ತಿ ಬಳಸಿ ಹೇಳಿ. ಆಟ ಮುಗಿದ ಮೇಲೆ ಸಿಗದ ಪದಗಳನ್ನು ಬರೆದುಕೊಂಡು, ಮರುದಿನ ಅದೇ ದೃಶ್ಯವನ್ನು ಅವುಗಳೊಂದಿಗೆ ಮತ್ತೆ ಆಡಿ.